ಒಂಬತ್ತನೇ ಗ್ರಹದ ಲೆಕ್ಕವೂ ನಾವು ನೋಡದ ಆಕಾಶವೂ

1930ರ ನವೆಂಬರ್ ತಿಂಗಳು. ಕೊಡಗಿನ ಗದ್ದೆಗಳಲ್ಲಿ ಭತ್ತ ಬಲಿತು ಹುತ್ತರಿ ಹತ್ತಿರವಾಗುತ್ತಿದ್ದ ಕಾಲ. ಆಗ ಸುಮಾರು 700 ಕಿ.ಮೀ. ಅಡ್ಡಳತೆಯ ಹಿಮಕಾಯವೊಂದು ಸೂರ್ಯನ ಸಮೀಪಕ್ಕೆ ಬಂದು ಹಿಂದಿರುಗಿತು. ಸಮೀಪ ಅಂದರೂ 670 ಕೋಟಿ ಕಿ.ಮೀ. ದೂರ. ಅದಕ್ಕೂ ಮುಂಚೆ ಅದು ಅಷ್ಟು ಹತ್ತಿರ ಬಂದದ್ದು ಸುಮಾರು 24 ಸಾವಿರ ವರ್ಷಗಳ ಹಿಂದೆ, ಭೂಮಿಯ ಉತ್ತರ ಭಾಗವೆಲ್ಲ ಹಿಮಯುಗದ ಹಿಡಿತದಲ್ಲಿದ್ದಾಗ. ಅದೇ 1930ರ ಫೆಬ್ರುವರಿಯಲ್ಲಿ ಅಮೆರಿಕದ ಅರಿಜೋನಾದಲ್ಲಿ ಕ್ಲೈಡ್ ಟಾಂಬೋ ಪ್ಲೂಟೊವನ್ನು ಪತ್ತೆ ಮಾಡಿದ್ದರು. ಪ್ಲೂಟೊಗಿಂತ ಎಷ್ಟೋ ಮಸುಕಾದ ಈ ಕಾಯ ಆಗಿನ ಫೋಟೋ ಫಲಕಗಳಿಗೆ ನಿಲುಕುವಂತಿರಲಿಲ್ಲ. ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು 2025ರ ಮೇ ತಿಂಗಳಲ್ಲಿ. ಪ್ರಿನ್ಸ್‌ಟನ್‌ನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯ ಸಿಹಾವ್ ಚೆಂಗ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅವರ ಇಬ್ಬರು ಸಂಗಾತಿಗಳು ಇದನ್ನು ಪ್ರಕಟಿಸಿದರು. ಅದಕ್ಕಿರುವ ಹೆಸರು 2017 ಓಎಫ್ 201. ಇದಕ್ಕಾಗಿ ಅವರು ಯಾವ ಬೆಟ್ಟವನ್ನೂ ಹತ್ತಲಿಲ್ಲ, ದೂರದರ್ಶಕವನ್ನು ಹೊಸದಾಗಿ ತಿರುಗಿಸಲೂ ಇಲ್ಲ. ಚಿಲಿಯ ಬ್ಲಾಂಕೊ ದೂರದರ್ಶಕ ಮತ್ತು ಹವಾಯಿಯ ಕೆನಡಾ-ಫ್ರಾನ್ಸ್-ಹವಾಯಿ ದೂರದರ್ಶಕ ಬೇರೆ ಕೆಲಸಗಳಿಗಾಗಿ ತೆಗೆದು ಸಂಗ್ರಹದಲ್ಲಿಟ್ಟಿದ್ದ ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಜಾಲಾಡಿದರು. ಏಳು ವರ್ಷಗಳ ಅವಧಿಯ 19 ಚಿತ್ರಗಳಲ್ಲಿ ಒಂದೇ ಚುಕ್ಕೆ, ಒಂದೇ ಕಕ್ಷೆಗೆ ಹೊಂದುವ ಹಾಗೆ, ಜಾಗ ಬದಲಿಸುತ್ತ ಹೋಗಿತ್ತು.

ಈ ಸುದ್ದಿ ಬಂದಾಗಿನಿಂದ ಒಂದು ಹಳೆಯ ಪ್ರಶ್ನೆ ಮತ್ತೆ ಎದ್ದಿದೆ. ನೆಪ್ಚೂನ್ ಆಚೆಗೆ, ಭೂಮಿಗಿಂತ ಹಲವು ಪಟ್ಟು ಭಾರದ ಒಂಬತ್ತನೇ ಗ್ರಹವೊಂದು ಇದೆಯೇ? ಮೊಬೈಲ್‌ಗೆ ಬರುವ ಸಂದೇಶಗಳಲ್ಲಿ ಅದು ಒಂದು ವಾರ ಸಿಕ್ಕೇಬಿಟ್ಟಿರುತ್ತದೆ, ಮುಂದಿನ ವಾರ ಸುಳ್ಳಾಗಿರುತ್ತದೆ. ನಿಜವಾದ ವಾದ ಇದಕ್ಕಿಂತ ಸೂಕ್ಷ್ಮವಾದದ್ದು. ಆ ವಾದದ ಜೀವಾಳವನ್ನು ಅರಿಯಲು ವರ್ಷದ ನಾಲ್ಕು ತಿಂಗಳು ಆಕಾಶವೇ ಕಾಣದ ಕೊಡಗಿನವರಿಗೆ ಹೆಚ್ಚು ಹೊತ್ತು ಬೇಡ ಎಂದು ನನ್ನ ನಂಬಿಕೆ.

ಮೊದಲು ದೂರದ ಲೆಕ್ಕ. ಭೂಮಿಯಿಂದ ಸೂರ್ಯನಿಗಿರುವ ಸುಮಾರು 15 ಕೋಟಿ ಕಿ.ಮೀ. ದೂರವನ್ನು ಒಂದು ಖಗೋಳಮಾನ ಎನ್ನುತ್ತಾರೆ. ನೆಪ್ಚೂನ್ ಇರುವುದು 30 ಖಗೋಳಮಾನದಲ್ಲಿ. ಅಲ್ಲಿಂದ ಸುಮಾರು 50ರವರೆಗೆ ಹಿಮಕಾಯಗಳ ಕೈಪರ್ ಪಟ್ಟಿ, ಪ್ಲೂಟೊ ಅಲ್ಲಿಯದೇ. ಓಎಫ್ 201 ಸೂರ್ಯನಿಗೆ ಅತಿ ಹತ್ತಿರ ಬಂದಾಗ 45 ಖಗೋಳಮಾನದಲ್ಲಿರುತ್ತದೆ, ಅತಿ ದೂರ ಹೋದಾಗ 1,600ನ್ನೂ ದಾಟುತ್ತದೆ. ಈಗ ಇರುವುದು ಸುಮಾರು 90ರಲ್ಲಿ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಹನ್ನೆರಡು ಗಂಟೆಗೂ ಹೆಚ್ಚು ಬೇಕು.

ಇಂಥ ಕಾಯಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕು ಅಲ್ಲಿಗೆ ಹೋಗುವಾಗ ದೂರದ ವರ್ಗದಷ್ಟು ಕ್ಷೀಣಿಸುತ್ತದೆ. ಅಲ್ಲಿಂದ ಪ್ರತಿಫಲಿಸಿ ಬರುವಾಗ ಮತ್ತೊಮ್ಮೆ ಅಷ್ಟೇ ಕ್ಷೀಣಿಸುತ್ತದೆ. ಹಾಗಾಗಿ ದೂರ ಎರಡು ಪಟ್ಟಾದರೆ ಹೊಳಪು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಓಎಫ್ 201 ತನ್ನ ಕಕ್ಷೆಯ ಅತಿ ದೂರದ ತುದಿಯಲ್ಲಿದ್ದಾಗ, 1930ರಲ್ಲಿದ್ದುದಕ್ಕಿಂತ ಸುಮಾರು 17 ಲಕ್ಷ ಪಟ್ಟು ಮಂಕಾಗಿರುತ್ತದೆ. ಯಾವ ದೂರದರ್ಶಕಕ್ಕೂ ಕಾಣದಷ್ಟು. ನಮ್ಮ ಕಣ್ಣಿಗೆ ಬೀಳುವಷ್ಟು ಹತ್ತಿರ ಅದು ಇರುವುದು ತನ್ನ ಕಾಲದ ನೂರರಲ್ಲಿ ಒಂದು ಪಾಲು ಮಾತ್ರ ಎಂದು ಚೆಂಗ್ ತಂಡ ಲೆಕ್ಕ ಹಾಕಿದೆ. ಅಂದರೆ ಒಂದು ಸಿಕ್ಕಿದೆ ಎಂದರೆ ಅಂಥವು ಇನ್ನೂ ನೂರರಷ್ಟು, ಕಾಣದ ದೂರದಲ್ಲಿ, ಇರಬೇಕು.

ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ದೂರದ ಹಿಮಕಾಯಗಳ ಬಗ್ಗೆ ನಮಗೆ ಗೊತ್ತಿರುವುದೆಲ್ಲ, ಅವು ತಮ್ಮ ಸುದೀರ್ಘ ಪಯಣದಲ್ಲಿ ಸೂರ್ಯನ ಕಡೆ ಕ್ಷಣಕಾಲ ಬಾಗಿದಾಗ ಸಿಕ್ಕ ನೋಟ. ಬಾಗುವ ದಿಕ್ಕಿನಲ್ಲಿ ಆ ಹೊತ್ತಿಗೆ ನಾವು ನೋಡುತ್ತಿದ್ದೆವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಕಥೆಯ ಹಿರಿಯಕ್ಕ ಸೆಡ್ನಾ ಎಂಬ ದೂರದ ಹಿಮಕಾಯ. 2003ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ದೂರದರ್ಶಕದಿಂದ ಮೈಕ್ ಬ್ರೌನ್, ಚಾಡ್ ಟ್ರುಹಿಯೊ, ಡೇವಿಡ್ ರಬಿನೊವಿಟ್ಜ್ ಇದನ್ನು ಕಂಡರು. ಆ ರಾತ್ರಿ ಸುಮಾರು ಮೂರು ಗಂಟೆಯ ಅವಧಿಯಲ್ಲಿ ತೆಗೆದ ಮೂರು ಚಿತ್ರಗಳಲ್ಲಿ ಅದು ಸರಿದದ್ದು 4.6 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಅದರಲ್ಲಿ ನಾಲ್ಕೂವರೆ ಪಾಲು. ಆ ಸರಿತವೂ ಬಹುಪಾಲು ಸೆಡ್ನಾದ್ದಲ್ಲ, ಭೂಮಿಯ ಓಟದಿಂದ ನಮಗೆ ತೋರುವಂಥದ್ದು. ಕಾಯ ದೂರವಿದ್ದಷ್ಟೂ ಈ ತೋರಿಕೆಯ ಸರಿತ ಕಡಿಮೆ. ದೂರದ ಕಾಯವೊಂದನ್ನು ನಕ್ಷತ್ರಗಳ ನಡುವಿನಿಂದ ಬೇರ್ಪಡಿಸಿ ಗುರುತಿಸುವುದೂ ಅದು ಎಷ್ಟು ದೂರವಿದೆ ಎಂದು ಅಂದಾಜಿಸುವುದೂ ಇದರಿಂದಲೇ.

ಸುಮಾರು ಒಂದು ಸಾವಿರ ಕಿ.ಮೀ. ಅಡ್ಡಳತೆಯ ಸೆಡ್ನಾ ಸೌರವ್ಯೂಹದ ಅತ್ಯಂತ ಕೆಂಪು ಕಾಯಗಳಲ್ಲೊಂದು. ಮೇಲ್ಮೈಯ ಮೀಥೇನ್‌ನಂಥ ವಸ್ತುಗಳು ಕೋಟ್ಯಂತರ ವರ್ಷ ವಿಕಿರಣಕ್ಕೆ ಸಿಕ್ಕಿ ಸಂಕೀರ್ಣ ಇಂಗಾಲದ ಸಂಯುಕ್ತಗಳಾದಾಗ ಈ ಬಣ್ಣ ಬರುತ್ತದೆ. ಸೂರ್ಯನನ್ನು ಒಮ್ಮೆ ಸುತ್ತಲು ಅದಕ್ಕೆ 11 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಈಗ ಅದು ನಮ್ಮ ಕಡೆ ಬರುತ್ತಿದೆ, 2076ರಲ್ಲಿ ಅತಿ ಸಮೀಪದ ಬಿಂದುವನ್ನು ತಲುಪುತ್ತದೆ. ನಮಗೆ ಆಪ್ತವಾದ ಇನ್ನೊಂದು ಸಂಗತಿಯಿದೆ. ಸೆಡ್ನಾ ಈಗಿರುವುದು ವೃಷಭ ರಾಶಿಯಲ್ಲಿ. ಹುತ್ತರಿಯ ರಾತ್ರಿ ಕದಿರು ತೆಗೆಯಲು ಗದ್ದೆಗಿಳಿದವರು ತಲೆಯೆತ್ತಿ ನೋಡಿದರೆ ತುಂಬು ಚಂದ್ರ ರೋಹಿಣಿಯ ಬಳಿ ಇರುತ್ತಾನೆ, ಸೆಡ್ನಾ ಇರುವುದೂ ಆ ಆಸುಪಾಸಿನಲ್ಲೇ. ಬರಿಗಣ್ಣಿಗೆ ಎಂದೂ ಕಾಣದು. ಆದರೂ ಎತ್ತ ಮುಖಮಾಡಿ ನಿಂತರೆ ಅದು ನಮ್ಮ ಎದುರಿಗಿರುತ್ತದೆ ಎಂದು ತಿಳಿದಿರುವುದೇ ನನಗೆ ದೊಡ್ಡ ಸಂತೋಷ.

ಸೆಡ್ನಾದ ಸಮಸ್ಯೆ ಇರುವುದು ಅದರ ಅತಿ ದೂರದ ತುದಿಯಲ್ಲಲ್ಲ, ಅತಿ ಸಮೀಪದ ಬಿಂದುವಿನಲ್ಲಿ. ಅದು 76 ಖಗೋಳಮಾನ. ಒಂದು ಗ್ರಹ ತನ್ನ ಗುರುತ್ವದಿಂದ ಸಣ್ಣ ಕಾಯವೊಂದನ್ನು ದೂರಕ್ಕೆ ಎಸೆಯಬಲ್ಲದು. ಆದರೆ ಎಸೆತಕ್ಕೆ ಸಿಕ್ಕ ಕಾಯ ಎಷ್ಟೇ ದೂರ ಹೋದರೂ ಕಕ್ಷೆಯ ನಿಯಮದಂತೆ ಎಸೆದ ಜಾಗದ ಸಮೀಪಕ್ಕೆ ಮರಳಿ ಬರಲೇಬೇಕು. ನೆಪ್ಚೂನ್ ಎಸೆದಿದ್ದರೆ ಸೆಡ್ನಾ 30 ಖಗೋಳಮಾನದ ಆಸುಪಾಸಿಗೆ ಬಂದುಹೋಗುತ್ತಿರಬೇಕಿತ್ತು. ಅದು ಬರುವುದಿಲ್ಲ. ಹಾಗಾದರೆ ಅದನ್ನು ನೆಪ್ಚೂನ್‌ನ ಕೈಯಿಂದ ಬಿಡಿಸಿ ಮೇಲೆತ್ತಿದ್ದು ಯಾರು?

ಉತ್ತರಗಳು ಹಲವು ಇವೆ. ಸೂರ್ಯ ಹುಟ್ಟಿದ್ದು ಒಂಟಿಯಾಗಿ ಅಲ್ಲ, ನಕ್ಷತ್ರಗಳ ಗುಂಪಿನಲ್ಲಿ. ಆ ಎಳೆಯ ದಿನಗಳಲ್ಲಿ ಪಕ್ಕದ ನಕ್ಷತ್ರವೊಂದು ಹಾದುಹೋಗುವಾಗ ಎಳೆದಿರಬಹುದು. ಆಗ ಇದ್ದು ಆಮೇಲೆ ಸೌರವ್ಯೂಹದಿಂದಲೇ ಹೊರಬಿದ್ದ ಗ್ರಹವೊಂದರ ಕೆಲಸವೂ ಆಗಿರಬಹುದು. ಈಗಲೂ ಅಲ್ಲೇ ಇರುವ, ನಾವಿನ್ನೂ ಕಾಣದ ಗ್ರಹದ್ದೂ ಆಗಿರಬಹುದು.

ಈ ಕೊನೆಯ ಉತ್ತರಕ್ಕೆ ಬಲ ಬಂದದ್ದು 2016ರ ಜನವರಿಯಲ್ಲಿ. ಕಾನ್‌ಸ್ಟಂಟಿನ್ ಬಟೀಗಿನ್ ಮತ್ತು ಸೆಡ್ನಾ ಕಂಡ ಅದೇ ಮೈಕ್ ಬ್ರೌನ್, ಅತಿ ದೂರ ಹೋಗುವ ಆರು ಕಾಯಗಳನ್ನು ಆಯ್ದು ಅವುಗಳ ಕಕ್ಷೆಗಳನ್ನು ಒಟ್ಟಿಗೆ ಬಿಡಿಸಿ ನೋಡಿದರು. ಆರೂ ಸೂರ್ಯನ ಹತ್ತಿರ ಬರುವುದು ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ, ಕಕ್ಷೆಗಳ ಓರೆಯೂ ಒಂದೇ ಬಗೆಯದು. ಇದು ಆಕಸ್ಮಿಕವಾಗಿರುವ ಸಾಧ್ಯತೆ ಶೇ 0.007 ಮಾತ್ರ ಎಂದು ಅವರು ಬರೆದರು. ಭೂಮಿಯ ಹತ್ತು ಪಟ್ಟು ತೂಕದ ಗ್ರಹವೊಂದು ದೂರದಲ್ಲಿದ್ದು ಇವನ್ನೆಲ್ಲ ಸಾಲು ಹಿಡಿಸಿದೆ ಎಂಬುದು ಅವರ ವಾದ. ಮುಂದೆ 2021ರಲ್ಲಿ ಆ ತೂಕವನ್ನು ಆರು ಪಟ್ಟಿನ ಸುಮಾರಿಗೆ ಇಳಿಸಿದರು.

ಕಾಣದ ಗ್ರಹವನ್ನು ಕಾಣುವ ಕಾಯದ ನಡೆಯಿಂದ ಊಹಿಸುವ ವಿಧಾನಕ್ಕೆ ದೊಡ್ಡ ಇತಿಹಾಸವಿದೆ, ಅದರಲ್ಲಿ ಗೆಲುವೂ ಸೋಲೂ ಸೇರಿವೆ. ಯುರೇನಸ್ ದಾರಿ ತಪ್ಪುತ್ತಿದ್ದುದನ್ನು ನೋಡಿ ಫ್ರಾನ್ಸಿನ ಲೆವೆರಿಯೆ ಲೆಕ್ಕ ಹಾಕಿದ ಜಾಗದ ಹತ್ತಿರವೇ 1846ರ ಸೆಪ್ಟೆಂಬರ್ 23ರಂದು ಬರ್ಲಿನ್‌ನಲ್ಲಿ ನೆಪ್ಚೂನ್ ಸಿಕ್ಕಿತು. ಅದೇ ಲೆವೆರಿಯೆ ಬುಧನ ನಡೆಯ ಸಣ್ಣ ವ್ಯತ್ಯಾಸಕ್ಕೆ ವಲ್ಕನ್ ಎಂಬ ಇನ್ನೊಂದು ಗ್ರಹವನ್ನು ಊಹಿಸಿದರು. ಅಂಥ ಗ್ರಹವೇ ಇರಲಿಲ್ಲ, ವ್ಯತ್ಯಾಸಕ್ಕೆ ಕಾರಣ ಸಿಕ್ಕಿದ್ದು 1915ರಲ್ಲಿ ಐನ್‌ಸ್ಟೈನ್‌ರ ಸಾಪೇಕ್ಷತಾ ಸಿದ್ಧಾಂತದಲ್ಲಿ. ಪ್ಲೂಟೊ ಪತ್ತೆಗೆ ಕಾರಣವಾದ ‘ಗ್ರಹ ಎಕ್ಸ್’ ಹುಡುಕಾಟವೂ ಹಾಗೆಯೇ. 1989ರಲ್ಲಿ ವಾಯೇಜರ್ 2 ನೌಕೆ ನೆಪ್ಚೂನ್ ಬಳಿ ಹಾದು ಅದರ ತೂಕವನ್ನು ಸರಿಯಾಗಿ ಅಳೆದಾಗ, ಗ್ರಹ ಎಕ್ಸ್ ಬೇಕೆನ್ನಿಸಿದ್ದ ಯುರೇನಸ್ ನಡೆಯ ವ್ಯತ್ಯಾಸಗಳೇ ಮಾಯವಾದವು. ಒಂದೇ ವಿಧಾನ, ಮೂರು ಫಲ. ಹಾಗಾಗಿ ವಿಧಾನದ ಮೇಲಿನ ಗೌರವದಿಂದ ತೀರ್ಮಾನವನ್ನು ಒಪ್ಪಿಕೊಳ್ಳಲಾಗದು, ಪ್ರತಿ ಸಲವೂ ಆಧಾರಗಳನ್ನೇ ತೂಗಬೇಕು.

ಈಗ ಕೊಡಗಿನ ಆಕಾಶದ ಮಾತು. ಜೂನ್‌ನಲ್ಲಿ ಮಳೆ ಹಿಡಿದರೆ ಕಕ್ಕಡ ಕಳೆದು ಕೈಲ್‌ಪೊಳ್ದ್ ಮುಗಿಯುವವರೆಗೆ ಭಾಗಮಂಡಲ, ಮಡಿಕೇರಿ, ಶಾಂತಳ್ಳಿ ಕಡೆಯವರಿಗೆ ನಕ್ಷತ್ರ ಕಾಣುವುದೇ ಅಪರೂಪ. ಕರೆಂಟು ಹೋಗಿ ಊರೆಲ್ಲ ಕತ್ತಲಾಗಿರುತ್ತದೆ, ಆದರೆ ಮೇಲೆ ಮೋಡ. ಆಕಾಶ ತೆರೆಯುವುದು ತುಲಾ ಸಂಕ್ರಮಣ ಕಳೆದ ಮೇಲೆ. ಆಮೇಲೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೃತ್ತಿಕೆ, ರೋಹಿಣಿ, ಮಹಾವ್ಯಾಧ, ಲುಬ್ಧಕ, ತೆಂಕಣದಲ್ಲಿ ತಗ್ಗಿನಲ್ಲಿ ನಮ್ಮ ಕಾವೇರಿಯ ಕಥೆಯ ಅಗಸ್ತ್ಯ, ಎಲ್ಲರೂ ಬಂದು ನಿಲ್ಲುತ್ತಾರೆ.

ಈ ಜಿಲ್ಲೆಯ ಯಾವುದಾದರೂ ಬೆಟ್ಟದ ಮೇಲೆ ಬಲಿಷ್ಠ ದೂರದರ್ಶಕವೊಂದಿದೆ, ಅದು ಹತ್ತು ವರ್ಷ ಸೆಡ್ನಾದಂಥ ಕಾಯಗಳನ್ನು ಹುಡುಕಿದೆ ಎಂದುಕೊಳ್ಳೋಣ. ದೂರದ ಕಾಯವನ್ನು ಹಿಡಿಯಲು ತಕ್ಕ ಸಮಯ ಅದು ಸೂರ್ಯನ ನೇರ ಎದುರು ದಿಕ್ಕಿನಲ್ಲಿದ್ದಾಗ, ಅಂದರೆ ನಡುರಾತ್ರಿ ನೆತ್ತಿಯ ಕಡೆ ಬರುವಾಗ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ನಡುರಾತ್ರಿ ಹಾಗೆ ಬರುವುದು ಮೀನ, ಮೇಷ, ವೃಷಭ, ಮಿಥುನ, ಕರ್ಕಾಟಕ. ಜೂನ್, ಜುಲೈಯ ನಡುರಾತ್ರಿಗೆ ಬರುವ ವೃಶ್ಚಿಕ, ಧನುಗಳು ಮೋಡದ ಆಚೆ. ಹತ್ತು ವರ್ಷಗಳ ಬಳಿಕ ನಮ್ಮ ದೂರದರ್ಶಕ ಕಂಡ ಕಾಯಗಳನ್ನೆಲ್ಲ ಒಂದು ನಕ್ಷೆಯಲ್ಲಿಟ್ಟರೆ, ಎಲ್ಲವೂ ವೃಷಭದ ಎರಡೂ ಬದಿಗೆ ಸೂರ್ಯನ ಹತ್ತಿರ ಬರುವಂಥವೇ ಆಗಿರುತ್ತವೆ. ನೋಡಿದವರು ಪ್ರಾಮಾಣಿಕರು, ಅಳತೆ ಕರಾರುವಾಕ್ಕು, ಸಿಕ್ಕ ಒಂದೊಂದು ಕಾಯವೂ ನಿಜ. ಗುಂಪು ಮಾತ್ರ ಆಕಾಶದ್ದಲ್ಲ, ಮುಂಗಾರಿನದು.

ಇದು ಬರಿಯ ಊಹೆಯ ಆಟವಲ್ಲ. ಜಗತ್ತಿನ ಒಂದೊಂದು ವೀಕ್ಷಣಾಲಯಕ್ಕೂ ಅದರದೇ ಕೆಟ್ಟ ಕಾಲವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ತಮಿಳುನಾಡಿನ ಕಾವಲೂರು ಕೇಂದ್ರ 1977ರಲ್ಲಿ ಯುರೇನಸ್ ನಕ್ಷತ್ರವೊಂದನ್ನು ಮರೆಮಾಡುವುದನ್ನು ದಾಖಲಿಸಿತ್ತು. ಯುರೇನಸ್‌ಗೆ ಉಂಗುರಗಳಿವೆ ಎಂದು ಲೋಕಕ್ಕೆ ತಿಳಿದದ್ದು ಆ ಘಟನೆಯಿಂದ. ಅಷ್ಟು ಒಳ್ಳೆಯ ಕೇಂದ್ರಕ್ಕೂ ಮಳೆಗಾಲ ಬಿಟ್ಟದ್ದಲ್ಲ. ಮಳೆನೆರಳಿನಲ್ಲಿರುವ, 4,500 ಮೀಟರ್ ಎತ್ತರದ ಲಡಾಖಿನ ಹಾನ್ಲೆಗೆ ಹೊಸ ದೂರದರ್ಶಕ ಹೋದದ್ದರ ಹಿಂದೆ ಈ ಲೆಕ್ಕವೂ ಇತ್ತು. ಹವಾಮಾನ ಒಂದು ಕಾರಣವಾದರೆ ಕ್ಷೀರಪಥ ಇನ್ನೊಂದು. ಗ್ರಹಗಳ ದಾರಿಯನ್ನು ಅದು ಧನುವಿನ ಬಳಿ ಒಮ್ಮೆ, ವೃಷಭ-ಮಿಥುನಗಳ ನಡುವೆ ಇನ್ನೊಮ್ಮೆ ಹಾಯುತ್ತದೆ. ಅಲ್ಲಿ ನಕ್ಷತ್ರಗಳು ಎಷ್ಟು ದಟ್ಟವೆಂದರೆ ಅವುಗಳ ನಡುವೆ ಸರಿಯುವ ಮಸುಕು ಚುಕ್ಕೆಯನ್ನು ಹೆಕ್ಕುವುದು ಬಹಳ ಕಷ್ಟ. ಹಾಗಾಗಿ ಹುಡುಕುವವರು ಆ ಭಾಗಗಳನ್ನು ಬಿಟ್ಟುಬಿಡುವುದು ವಾಡಿಕೆ.

ಒಂಬತ್ತನೇ ಗ್ರಹದ ಟೀಕಾಕಾರರು ಎತ್ತಿದ್ದು ಇದೇ ಪ್ರಶ್ನೆಯನ್ನು. ಆರು ಕಾಯಗಳು ಬೇರೆಬೇರೆ ದೂರದರ್ಶಕಗಳಿಗೆ, ಬೇರೆಬೇರೆ ಕಾಲದಲ್ಲಿ ಸಿಕ್ಕವು. ಅವು ಸಿಗದ ಕಡೆ ಯಾರು, ಯಾವಾಗ, ಎಷ್ಟು ಆಳಕ್ಕೆ ನೋಡಿದ್ದರು ಎಂಬ ದಾಖಲೆ ಬಹುಪಾಲು ಇರಲಿಲ್ಲ. ಹವಾಯಿಯ ದೂರದರ್ಶಕದಿಂದ ನಡೆದ ಓಸಾಸ್ ಸಮೀಕ್ಷೆ ಈ ಕೊರತೆ ನೀಗಲೆಂದೇ ಪ್ರತಿ ನೋಟದ ವಿವರ ಬರೆದಿಟ್ಟಿತು. ಆ ತಂಡ 2017ರಲ್ಲಿ ತನಗೆ ಸಿಕ್ಕ ದೂರದ ಕಾಯಗಳನ್ನಿಟ್ಟು ಲೆಕ್ಕ ಹಾಕಿದಾಗ ಗುಂಪು ಕಾಣಲಿಲ್ಲ. 2021ರಲ್ಲಿ ಕೆವಿನ್ ನೇಪಿಯರ್ ಮತ್ತು ಸಂಗಡಿಗರು ಮೂರು ಸಮೀಕ್ಷೆಗಳ 14 ಕಾಯಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಅವು ಎಲ್ಲ ದಿಕ್ಕಿಗೂ ಸಮವಾಗಿ ಹರಡಿರಬಹುದು ಎಂಬುದನ್ನು ತಳ್ಳಿಹಾಕಲು ಕಾರಣ ಸಿಗಲಿಲ್ಲ. ಬ್ರೌನ್ ಮತ್ತು ಬಟೀಗಿನ್ ಸುಮ್ಮನಿರಲಿಲ್ಲ. ಅವರೂ ನೋಟದ ಈ ಪಕ್ಷಪಾತವನ್ನು ಲೆಕ್ಕಕ್ಕೆ ತೆಗೆದುಕೊಂಡು 2019ರಲ್ಲಿ ಮತ್ತೆ ಎಣಿಸಿದರು. ಆಕಸ್ಮಿಕದ ಸಾಧ್ಯತೆ ಶೇ 0.2ಕ್ಕೆ ಏರಿತು, ಆದರೂ ಅದು ಚಿಕ್ಕದೇ ಎಂಬುದು ಅವರ ನಿಲುವು.

ಇಂಥ ಹೊತ್ತಿನಲ್ಲಿ ಓಎಫ್ 201 ಬಂದದ್ದು. ಅದರ ಕಕ್ಷೆ ಆ ಗುಂಪಿನ ದಿಕ್ಕಿಗೆ ಹೊಂದುವುದಿಲ್ಲ. ಹೇಳಿದ ಜಾಗದಲ್ಲಿ ಒಂಬತ್ತನೇ ಗ್ರಹವಿದ್ದರೆ ಈ ಕಾಯ ಸೌರವ್ಯೂಹದ ವಯಸ್ಸಿಗೆ ಹೋಲಿಸಿದಾಗ ಅಲ್ಪವೇ ಎನ್ನುವ ಕಾಲದಲ್ಲಿ ಹೊರದೂಡಲ್ಪಡುತ್ತಿತ್ತು ಎಂದು ಚೆಂಗ್ ತಂಡದ ಲೆಕ್ಕ. ಅದೇ 2025ರ ಜುಲೈಯಲ್ಲಿ ತೈವಾನಿನ ಯಿಂಗ್-ಟುಂಗ್ ಚೆನ್ ಮತ್ತು ಸಂಗಡಿಗರು ಹವಾಯಿಯಲ್ಲಿರುವ ಜಪಾನಿನ ಸುಬಾರು ದೂರದರ್ಶಕದಿಂದ ಕಂಡ 2023 ಕೆಕ್ಯೂ 14ನ್ನು ಪ್ರಕಟಿಸಿದರು. ಅದರ ಅಡ್ಡಹೆಸರು ಅಮೊನೈಟ್. ಸೂರ್ಯನಿಗೆ 66 ಖಗೋಳಮಾನಕ್ಕಿಂತ ಹತ್ತಿರ ಬರದ ಇದು, ನೆಪ್ಚೂನ್‌ನ ಕೈಗೆ ಸಿಗದ ಸೆಡ್ನಾದಂಥ ಕಾಯಗಳಲ್ಲಿ ನಾಲ್ಕನೆಯದು. ಇದು ಮುಖಮಾಡಿರುವುದು ಉಳಿದ ಮೂರಕ್ಕೆ ಹೆಚ್ಚುಕಡಿಮೆ ವಿರುದ್ಧವಾಗಿ. ಆದರೆ ಕಂಪ್ಯೂಟರ್‌ನಲ್ಲಿ ಕಾಲವನ್ನು ಹಿಂದಕ್ಕೆ ಓಡಿಸಿದಾಗ ಸುಮಾರು 420 ಕೋಟಿ ವರ್ಷಗಳ ಹಿಂದೆ ನಾಲ್ಕೂ ಒಂದೇ ದಿಕ್ಕಿನಲ್ಲಿದ್ದುವೆಂದು ಕಂಡಿತು. ಇದು ನನಗೆ ಈ ಎಲ್ಲ ಸುದ್ದಿಗಳಲ್ಲಿ ಅತ್ಯಂತ ಕುತೂಹಲದ್ದು. ಈಗಿನ ಗ್ರಹಕ್ಕಿಂತ, ಸೌರವ್ಯೂಹದ ಬಾಲ್ಯದಲ್ಲಿ ಒಮ್ಮೆ ನಡೆದುಹೋದ ಘಟನೆಯ ಕಡೆಗೆ ಅದು ಬೆರಳು ತೋರುತ್ತದೆ. ಕಾಯಗಳು ಬರೀ ನಾಲ್ಕು ಎಂಬುದನ್ನು ಮಾತ್ರ ಮರೆಯಬಾರದು.

ಸುದ್ದಿಗಳಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗುತ್ತಿವೆ. ದೂರದ ಕಾಯಗಳು ನಿಜಕ್ಕೂ ಒಂದು ದಿಕ್ಕಿಗೆ ಗುಂಪುಗಟ್ಟಿವೆಯೇ ಎಂಬುದು ಒಂದು. ಸೆಡ್ನಾದಂಥವನ್ನು ನೆಪ್ಚೂನ್‌ನಿಂದ ದೂರಕ್ಕೆ ಎತ್ತಿದ್ದು ಯಾರು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಒಂಬತ್ತನೇ ಗ್ರಹದ ಪರವಾದ ವಾದ 2016ರಲ್ಲಿದ್ದಷ್ಟು ಗಟ್ಟಿಯಾಗಿ ಈಗಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಎರಡನೆಯದು ಹಾಗೇ ಉಳಿದಿದೆ. ಗುಂಪು ಸುಳ್ಳೆಂದು ತೀರ್ಮಾನವಾದರೂ ಸೆಡ್ನಾದ 76 ಖಗೋಳಮಾನ ಎಲ್ಲಿಗೂ ಹೋಗುವುದಿಲ್ಲ, ಅದಕ್ಕೆ ಉತ್ತರ ಕೊಡಲೇಬೇಕು. ‘ಗ್ರಹ ಇಲ್ಲವಂತೆ, ಮುಗಿಯಿತು’ ಎನ್ನುವವರು ಇದನ್ನು ಬಿಟ್ಟುಬಿಡುತ್ತಾರೆ.

ನೇರ ಹುಡುಕಾಟವೂ ನಡೆದಿದೆ. ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕಗಳ ಚಿತ್ರಗಳನ್ನು ಜಾಲಾಡಿ, ಹಿಂದಿನ ಎರಡು ಸಮೀಕ್ಷೆಗಳ ಫಲವನ್ನೂ ಸೇರಿಸಿ, ಬ್ರೌನ್ ಅವರ ತಂಡ 2024ರಲ್ಲಿ ತಾವೇ ಊಹಿಸಿದ ಸಾಧ್ಯತೆಗಳಲ್ಲಿ ಶೇ 78ರಷ್ಟನ್ನು ತಳ್ಳಿಹಾಕಿತು. ತಮ್ಮ ಊಹೆಯ ನೆಲವನ್ನು ತಾವೇ ಹೀಗೆ ಕಿರಿದುಗೊಳಿಸುತ್ತ ಹೋಗುವುದು ದೊಡ್ಡ ಗುಣ. 1983 ಮತ್ತು 2006ರ ಎರಡು ಉಪಗ್ರಹಗಳ ಅವಗೆಂಪು ಚಿತ್ರಗಳನ್ನು ಹೋಲಿಸಿ ತೈವಾನಿನ ತಂಡವೊಂದು 2025ರಲ್ಲಿ ತೋರಿಸಿದ ಚುಕ್ಕೆಯೇ ‘ಗ್ರಹ ಸಿಕ್ಕಿತು’ ಎಂಬ ಸಂದೇಶಗಳಿಗೆ ಮೂಲ. ಎರಡು ಚುಕ್ಕೆಗಳಿಂದ ಕಕ್ಷೆ ಸಿದ್ಧವಾಗದು. ಒಂದು ವೇಳೆ ಅದು ನಿಜವಾದ ಕಾಯವೇ ಆಗಿದ್ದರೂ, ಅದರ ದಾರಿ ತಾವು ಹೇಳಿದ ಗ್ರಹಕ್ಕೆ ಹೊಂದುವುದಿಲ್ಲ ಎಂದು ಬ್ರೌನ್ ಅವರೇ ಹೇಳಿದರು.

ಮುಂದಿನ ನಿರೀಕ್ಷೆಯೆಲ್ಲ ಚಿಲಿಯ ಸೆರೊ ಪಚೋನ್ ಬೆಟ್ಟದ ವೆರಾ ರೂಬಿನ್ ವೀಕ್ಷಣಾಲಯದ ಮೇಲೆ. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ಕೆಲವೇ ರಾತ್ರಿಗಳಿಗೊಮ್ಮೆ ತನಗೆ ಕಾಣುವ ಆಕಾಶವನ್ನೆಲ್ಲ ಚಿತ್ರಿಸುತ್ತ ಹತ್ತು ವರ್ಷ ಸಾಗುವುದು ಅದರ ಯೋಜನೆ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿದಾಗ, ಹತ್ತು ಗಂಟೆಗಳಷ್ಟು ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ನೆಪ್ಚೂನ್ ಆಚೆಯ ಕಾಯಗಳು ಈಗ ಕೆಲವು ಸಾವಿರ ಮಾತ್ರ ಗೊತ್ತಿದ್ದು, ಸಮೀಕ್ಷೆ ಮುಗಿಯುವ ಹೊತ್ತಿಗೆ ಹತ್ತಾರು ಸಾವಿರಕ್ಕೆ ಏರಬಹುದು.

ರೂಬಿನ್‌ನಿಂದ ನನಗೆ ಮುಖ್ಯವಾಗಿ ಬೇಕಿರುವುದು ಆ ಸಂಖ್ಯೆಗಿಂತ ಅದರ ದಾಖಲೆ. ನಮ್ಮ ಹಳೆಯ ಕಾಫಿ ತೋಟದ ಮನೆಗಳಲ್ಲಿ ಮಳೆ ಬರೆದಿಡುವ ಪುಸ್ತಕ ಇರುತ್ತದಲ್ಲ, ದಿನ ಬೆಳಗ್ಗೆ ಮಾಪಕ ನೋಡಿ ಇಂಚು-ಸೆಂಟಿನಲ್ಲಿ ಬರೆಯುವುದು. ಮಳೆ ಬಾರದ ದಿನವೂ ಅಲ್ಲಿ ಸೊನ್ನೆ ಬೀಳುತ್ತದೆ. ಆ ಸೊನ್ನೆ ಇದ್ದರೆ ಮಾತ್ರ ಬೇರೆ ದಿನದ ಅಂಕಿಗೆ ಅರ್ಥ. ಜಾಗ ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ನೋಡಲಿಲ್ಲವೋ ತಿಳಿಯದು. ರೂಬಿನ್ ಎಲ್ಲಿ ನೋಡಿತು, ಯಾವ ರಾತ್ರಿ, ಎಷ್ಟು ಮಸುಕಿನವರೆಗೆ, ಅಲ್ಲಿ ಏನೂ ಇರಲಿಲ್ಲವೇ ಎಂಬುದೆಲ್ಲ ದಾಖಲಾಗುತ್ತದೆ. ಸೆಡ್ನಾದಂಥವು ನಾಲ್ಕರ ಬದಲು ಹತ್ತಾರು ಸಿಕ್ಕು, ನೋಡಿದ-ನೋಡದ ಜಾಗಗಳನ್ನು ಲೆಕ್ಕ ಹಿಡಿದ ಮೇಲೂ ಅವು ಒಂದೇ ದಿಕ್ಕಿಗೆ ಸಾಲುಗಟ್ಟಿದರೆ, ಆಗ ಗ್ರಹದ ವಾದಕ್ಕೆ ಮತ್ತೆ ಜೀವ ಬರುತ್ತದೆ. ಎಲ್ಲ ದಿಕ್ಕಿಗೂ ಚೆದುರಿದ್ದರೆ ನಕ್ಷತ್ರವೊಂದು ಹಾದುಹೋದ ಕಥೆಯಂಥ ಹಳೆಯ ಘಟನೆಗಳ ಕಡೆಗೆ ತಕ್ಕಡಿ ವಾಲುತ್ತದೆ. ಅಥವಾ ಗ್ರಹವೇ ಚಿತ್ರದಲ್ಲಿ ಸಿಕ್ಕಿಬೀಳಬಹುದು, ಆಗ ವಾದವೇ ಬೇಡ. ರೂಬಿನ್‌ಗೂ ಅಡೆತಡೆಗಳಿವೆ. ಇಂಟರ್‌ನೆಟ್‌ಗಾಗಿ ಸಾವಿರಗಟ್ಟಲೆ ಹಾರಿಸುತ್ತಿರುವ ಉಪಗ್ರಹಗಳು ಅದರ ಚಿತ್ರಗಳಲ್ಲಿ ಗೀರು ಎಳೆಯುತ್ತವೆ. ಚಿಲಿಯಿಂದ ಉತ್ತರದ ಆಕಾಶ ಪೂರ್ತಿ ಕಾಣದು. ಆ ಪಾಲಿಗೆ ಸುಬಾರುವಿನಂಥ ದೂರದರ್ಶಕಗಳು ಬೇಕೇ ಬೇಕು.

ಕೊಡಗಿನ ಶಾಲೆ-ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಒಂದು ಮಾತು ಹೇಳಲೇಬೇಕು. ಓಎಫ್ 201 ಕಂಡ ಬ್ಲಾಂಕೊ ದೂರದರ್ಶಕದ ಚಿತ್ರಗಳು ಎಲ್ಲರಿಗೂ ತೆರೆದಿವೆ. ಲೆಗಸಿ ಸರ್ವೇ ಎಂಬ ಆ ಸಂಗ್ರಹದ ಆಕಾಶ ನಕ್ಷೆಯನ್ನು ಸಾಮಾನ್ಯ ಕಂಪ್ಯೂಟರ್‌ನ ಬ್ರೌಸರ್‌ನಲ್ಲೇ ತೆರೆದು ನೋಡಬಹುದು. ವಿದ್ಯಾರ್ಥಿಗಳಿಗೆ ಪ್ಯಾನ್-ಸ್ಟಾರ್ಸ್ ಚಿತ್ರಗಳನ್ನು ಕೊಟ್ಟು ಕ್ಷುದ್ರಗ್ರಹ ಹುಡುಕಿಸುವ ಅಂತರರಾಷ್ಟ್ರೀಯ ಅಭಿಯಾನಗಳೂ ಇವೆ, ಭಾರತದ ಮಕ್ಕಳು ಅದರಲ್ಲಿ ಭಾಗವಹಿಸುತ್ತ ಬಂದಿದ್ದಾರೆ. ಅಲ್ಲಿ ಸಿಗುವುದು ಮಂಗಳ-ಗುರುಗಳ ನಡುವಿನ ಕ್ಷುದ್ರಗ್ರಹಗಳು, ಸೆಡ್ನಾ ಅಲ್ಲ. ಆದರೆ ಸಾಲಾಗಿ ತೆಗೆದ ಚಿತ್ರಗಳಲ್ಲಿ ಸರಿಯುವ ಚುಕ್ಕೆಯನ್ನು ಗುರುತಿಸುವ ಕೆಲಸ ಎರಡಕ್ಕೂ ಒಂದೇ. ಇದನ್ನು ಶುರುಮಾಡಲು ಆಕಾಶ ತೆರೆಯುವವರೆಗೆ ಕಾಯಬೇಕಿಲ್ಲ. ಜೂನ್‌ನಲ್ಲಿ ಶಾಲೆ ನಡೆಯುತ್ತಿರುವಾಗ, ಕರೆಂಟೂ ನೆಟ್‌ವರ್ಕೂ ಇರುವ ಯಾವುದೇ ಮಳೆಯ ಮಧ್ಯಾಹ್ನ ಸಾಕು. ಮೊದಲ ಪಾಠಕ್ಕೆ ಸಿಕ್ಕ ಚುಕ್ಕೆಗಳ ಪಟ್ಟಿಯ ಪಕ್ಕದಲ್ಲೇ, ಯಾವ ಚಿತ್ರಗಳನ್ನು ನೋಡಿದೆವು, ಯಾವುದನ್ನು ನೋಡಲಿಲ್ಲ ಎಂಬ ಇನ್ನೊಂದು ಪಟ್ಟಿಯನ್ನೂ ಮಕ್ಕಳಿಂದ ಬರೆಸಿ.